ಕನ್ವೀನಿಯನ್ಸ್ ಸ್ಟೋರ್: ಹೊಸ ಯಂತ್ರಕ್ಕೆ ಮೊದಲು ಹಳೆಯ ಹಲಗೆಯ ಲೆಕ್ಕ

1927ರಲ್ಲಿ ಅಮೆರಿಕದ ಡಲ್ಲಾಸ್‌ನಲ್ಲಿ ಐಸ್ ಮಾರುತ್ತಿದ್ದ ಕಂಪನಿಯೊಂದು ಐಸ್ ಜೊತೆಗೆ ಹಾಲು, ಮೊಟ್ಟೆ, ಬ್ರೆಡ್ ಇಟ್ಟು, ಬೇರೆ ಅಂಗಡಿಗಳು ಮುಚ್ಚಿದ ಹೊತ್ತಿನಲ್ಲೂ ಮಾರತೊಡಗಿತು. 1946ರಲ್ಲಿ ಬೆಳಿಗ್ಗೆ 7ರಿಂದ ರಾತ್ರಿ 11ರವರೆಗಿನ ತನ್ನ ವ್ಯಾಪಾರದ ಸಮಯವನ್ನೇ ಹೆಸರಾಗಿಸಿಕೊಂಡು ಸೆವೆನ್-ಇಲೆವೆನ್ ಆಯಿತು. ಹತ್ತಿರದಲ್ಲಿರುವುದು, ಹೊತ್ತುಮೀರಿಯೂ ತೆರೆದಿರುವುದು ಕನ್ವೀನಿಯನ್ಸ್ ಸ್ಟೋರ್ ಎಂಬ ಈ ವ್ಯಾಪಾರದ ಬಂಡವಾಳ. ಇವೆರಡಕ್ಕೂ ಈಗ ಮನೆಬಾಗಿಲಿಗೆ ತಲುಪಿಸುವ ಆ್ಯಪ್‌ಗಳು ಪೈಪೋಟಿ ಕೊಡುತ್ತಿವೆ. ಪತ್ರಿಕೆ, ಫೋನ್ ರೀಚಾರ್ಜ್ ಕಾರ್ಡ್, ಸಿಗರೇಟಿನ ನೆಪದಲ್ಲಿ ಒಳಗೆ ಬರುತ್ತಿದ್ದವರು ಕಡಿಮೆಯಾಗಿದ್ದಾರೆ. ಅಂಗಡಿಯ ಕೈಯಲ್ಲಿ ಉಳಿದಿರುವುದು ಒಂದೇ: ಬಂದವರಿಗೆ ಬೇಕಾದದ್ದು ಆ ಕ್ಷಣವೇ ಸಿಗುವುದು. ಹಾಗಾಗಿ ಬದಲಾವಣೆ ಶುರುವಾಗಬೇಕಾದದ್ದು ಸರಕು ಜೋಡಿಸುವ ಹಲಗೆಯಿಂದ, ಹೊಸ ಯಂತ್ರ ಆಮೇಲೆ.

ಮೊದಲು ಮಾರ್ಜಿನ್ ಲೆಕ್ಕ ಸರಿಮಾಡಿಕೊಳ್ಳಿ

80ಕ್ಕೆ ಕೊಂಡು 100ಕ್ಕೆ ಮಾರಿದಾಗ ಲಾಭ ಶೇ 25 ಎನ್ನುವವರು ಬಹಳ. ಅದು ಅಸಲಿನ ಮೇಲಿನ ಲೆಕ್ಕ. ಮಾರಾಟದ ಮೇಲೆ ಹಾಕಿದರೆ ಶೇ 20 ಮಾತ್ರ, ಮಾರ್ಜಿನ್ ಎನ್ನುವುದು ಇದನ್ನೇ. ಬಾಡಿಗೆ, ಸಂಬಳ, ಕರೆಂಟು, ಕಮಿಷನ್ ಎಲ್ಲವನ್ನೂ ಮಾರಾಟದ ಹಣಕ್ಕೆ ಹೋಲಿಸಿ ನೋಡುವುದರಿಂದ ಈ ಎರಡನೆಯ ಅಂಕಿಯನ್ನೇ ಇಟ್ಟುಕೊಳ್ಳಿ.

ಶೇ 20 ಮಾರ್ಜಿನ್ ಇರುವ ಒಂದು ಪ್ಯಾಕೆಟ್ ಹಾಳಾದರೆ ಅದರ ಅಸಲು ತುಂಬಲು ಅಂಥವೇ 4 ಮಾರಬೇಕು. ಮಾರ್ಜಿನ್ ಶೇ 10 ಇದ್ದರೆ 9 ಮಾರಬೇಕು. ಪೈಪೋಟಿಗೆ ಬಿದ್ದು ಶೇ 20ರ ಸರಕಿನ ಬೆಲೆಯಲ್ಲಿ ಶೇ 10 ಇಳಿಸಿದರೆ, ಮೊದಲಿನಷ್ಟೇ ಲಾಭಕ್ಕೆ ಎರಡರಷ್ಟು ಮಾಲು ಹೋಗಬೇಕು. ದೊಡ್ಡವರ ಜೊತೆ ಬೆಲೆಯ ಜಿದ್ದಿಗೆ ಇಳಿಯುವ ಮೊದಲು ಇದನ್ನೊಮ್ಮೆ ಕಾಗದದ ಮೇಲೆ ಹಾಕಿ ನೋಡಿದರೆ ಸಾಕು, ಉತ್ಸಾಹ ತಾನಾಗಿ ಇಳಿಯುತ್ತದೆ.

ಎಷ್ಟು ತರಿಸಬೇಕು

ಹೆಚ್ಚಿನ ಅಂಗಡಿಗಳ ಹಣ ಸಿಕ್ಕಿಹಾಕಿಕೊಂಡಿರುವುದು ಇಲ್ಲೇ. ಕಣ್ಣಂದಾಜಿನಲ್ಲಿ ಆರ್ಡರ್ ಕೊಟ್ಟಾಗ ಓಡುವ ಮಾಲು ಖಾಲಿಯಾಗುತ್ತದೆ, ಓಡದ್ದು ಹಲಗೆ ತುಂಬಿ ಕೂರುತ್ತದೆ.

ಒಂದು ವಸ್ತು ದಿನಕ್ಕೆ ಸರಾಸರಿ 6 ಹೋಗುತ್ತದೆ, ಸರಬರಾಜುದಾರ 4 ದಿನಕ್ಕೊಮ್ಮೆ ಬರುತ್ತಾನೆ, ಆರ್ಡರ್ ಕೊಟ್ಟ ಮಾರನೆಯ ದಿನ ಮಾಲು ಬರುತ್ತದೆ ಎಂದಿಟ್ಟುಕೊಳ್ಳಿ. ಒಟ್ಟು 5 ದಿನ ತಳ್ಳಬೇಕು, ಅಂದರೆ 30. ಜೋರು ವ್ಯಾಪಾರದ ದಿನ 9 ಹೋಗುವುದಾದರೆ ದಿನಕ್ಕೆ 3ರಂತೆ ಇನ್ನೂ 15 ಮುನ್ನೆಚ್ಚರಿಕೆಗೆ. ಗುರಿ 45. ಹಲಗೆಯಲ್ಲಿ 14 ಇದ್ದು, ದಾರಿಯಲ್ಲಿ ಏನೂ ಇಲ್ಲದಿದ್ದರೆ ತರಿಸಬೇಕಾದದ್ದು 31. ಮಾಲು 12ರ ಪೆಟ್ಟಿಗೆಯಲ್ಲಿ ಬರುವುದಾದರೆ 24 ಅಥವಾ 36 ಆಗುತ್ತದೆ. ತಿಂಗಳುಗಟ್ಟಲೆ ಬಾಳುವ ಸರಕಾದರೆ 36, ವಾರದಲ್ಲಿ ಅವಧಿ ಮುಗಿಯುವಂಥದ್ದಾದರೆ 24.

ಈ ಲೆಕ್ಕ ಕೆಡುವುದು ಸರಾಸರಿಯಲ್ಲಿ. 14 ದಿನದಲ್ಲಿ 36 ಮಾರಾಟವಾಗಿದ್ದರೆ ದಿನಕ್ಕೆ ಎರಡೂವರೆ ಎನಿಸುತ್ತದೆ. ಆದರೆ ಆ 14ರಲ್ಲಿ 5 ದಿನ ಮಾಲೇ ಇರಲಿಲ್ಲವಾದರೆ 36ನ್ನು 9ರಿಂದ ಭಾಗಿಸಬೇಕು. ಉತ್ತರ 4. ಖಾಲಿ ಇದ್ದ ದಿನಗಳನ್ನು ಬಿಡದೆ ಲೆಕ್ಕ ಹಾಕಿದರೆ ಪ್ರತಿ ಸಲ ಕಡಿಮೆ ತರಿಸುತ್ತೀರಿ, ಅದು ಪ್ರತಿ ಸಲ ಬೇಗ ಮುಗಿಯುತ್ತದೆ, ಕೊನೆಗೆ ‘ಇದು ಓಡುವುದಿಲ್ಲ’ ಎಂಬ ಹಣೆಪಟ್ಟಿ ಬೀಳುತ್ತದೆ. ಬಿಲ್ಲಿಂಗ್ ಸಾಫ್ಟ್‌ವೇರ್ ಕೊಡುವ ಸರಾಸರಿಯಲ್ಲೂ ಈ ತಪ್ಪು ಇರಬಹುದು, ಪರೀಕ್ಷಿಸಿ.

30 ದಿನದಲ್ಲಿ ಒಂದೂ ಹೋಗದ ಸರಕಿನ ಪಟ್ಟಿಯನ್ನು ತಿಂಗಳಿಗೊಮ್ಮೆ ತೆಗೆಯಿರಿ. ವಾಪಸ್ ಕೊಡಲು ಬರುವುದನ್ನು ಕೊಡಿ, ಉಳಿದದ್ದನ್ನು ಅಸಲಿಗಾದರೂ ಕಳೆಯಿರಿ. ತೆರವಾದ ಜಾಗಕ್ಕೆ ಹೊಸ ಬಗೆ ತುಂಬುವ ಆಸೆ ಬೇಡ. ಚೆನ್ನಾಗಿ ಹೋಗುವುದಕ್ಕೇ ಇನ್ನೊಂದು ಸಾಲು ಕೊಟ್ಟರೆ ಸಂಜೆಯ ನೂಕುನುಗ್ಗಲಿನಲ್ಲಿ ಹಲಗೆ ಬರಿದಾಗುವುದಿಲ್ಲ. ಹತ್ತು ಪೆಟ್ಟಿಗೆಗೆ ಒಂದು ಉಚಿತ ಎಂಬ ಸ್ಕೀಮು ಬಂದಾಗ, ಆ ಹತ್ತು ಪೆಟ್ಟಿಗೆ ಅವಧಿಯೊಳಗೆ ಮುಗಿಯುವುದೇ ಎಂದು ಇದೇ ದಿನದ ಸರಾಸರಿಯಿಂದ ನೋಡಿ.

ಕಾಣೆಯಾಗುವ ಮಾಲು

ಒಮ್ಮೆಗೆ ಇಡೀ ಅಂಗಡಿ ಎಣಿಸಲು ಹೋದರೆ ಅರ್ಧಕ್ಕೆ ಕೈಬಿಡುತ್ತೀರಿ. ದಿನಕ್ಕೆ 20 ವಸ್ತು ಸಾಕು, ದುಬಾರಿ ಮತ್ತು ಚಿಕ್ಕ ವಸ್ತುಗಳಿಂದ ಶುರುಮಾಡಿ. ಆರಂಭದ ದಾಸ್ತಾನು 20, ಬಂದದ್ದು 48, ಮಾರಿದ್ದು 51 ಎಂದಾದರೆ 17 ಇರಬೇಕು. ಎಣಿಸಿದಾಗ 13 ಸಿಕ್ಕರೆ 4 ಎಲ್ಲೋ ಹೋಗಿದೆ.

ಕೆಲಸಗಾರರ ಮೇಲೆ ಅನುಮಾನ ಪಡುವುದು ಕೊನೆಯ ಹೆಜ್ಜೆಯಾಗಲಿ. ಒಂದೇ ಕಂಪನಿಯ ಒಂದು ರುಚಿಯಲ್ಲಿ 4 ಕಡಿಮೆ, ಇನ್ನೊಂದರಲ್ಲಿ 4 ಹೆಚ್ಚು ಬಂದರೆ ಅದು ಕಳವಲ್ಲ: ಗಲ್ಲಾದಲ್ಲಿ ಬೇರೆ ಬೇರೆ ರುಚಿಯ ಪ್ಯಾಕೆಟ್ ಬಂದಾಗ ಒಂದನ್ನೇ ನಾಲ್ಕು ಸಲ ಸ್ಕ್ಯಾನ್ ಮಾಡಿದ್ದಾರೆ. ಪೂರ್ತಿ ಒಂದು ಪೆಟ್ಟಿಗೆಯಷ್ಟು ಕೊರತೆ ಬಂದರೆ ಸರಬರಾಜಿನ ಬಿಲ್ಲು ನೋಡಿ, ಎಣಿಸದೆ ಸಹಿ ಹಾಕಿರುವ ಸಾಧ್ಯತೆಯೇ ಹೆಚ್ಚು. ಬೇಗ ಕೆಡುವ ಸರಕಿನಲ್ಲಿ ಕೊರತೆ ಬಂದರೆ, ಎಸೆದದ್ದನ್ನು ಬರೆದಿಟ್ಟಿಲ್ಲ. ಕಸದ ಡಬ್ಬಿಯ ಪಕ್ಕ ಒಂದು ಪುಸ್ತಕ, ದಾರಕ್ಕೆ ಕಟ್ಟಿದ ಪೆನ್ನು ಇಡಿ. ಇವೆಲ್ಲ ದಾಟಿದ ಮೇಲೂ ಒಂದೇ ಜಾಗದ ಸರಕು ಮತ್ತೆ ಮತ್ತೆ ಕಡಿಮೆಯಾದರೆ ಆ ಜಾಗ ಗಲ್ಲಾದವರ ಕಣ್ಣಿಗೆ ಬೀಳುತ್ತಿಲ್ಲ, ಸ್ಥಳ ಬದಲಿಸಿ.

ಹೊಸ ಮಾಲನ್ನು ಹಿಂದೆ, ಹಳೆಯದನ್ನು ಮುಂದೆ ಇಡುವುದು ಎಲ್ಲರಿಗೂ ಗೊತ್ತು. ಆದರೆ ಮುಂದಿಡಬೇಕಾದದ್ದು ಮೊದಲು ಬಂದದ್ದನ್ನಲ್ಲ, ಮೊದಲು ಅವಧಿ ಮುಗಿಯುವುದನ್ನು. ಕೆಲವೊಮ್ಮೆ ಇವತ್ತು ಬಂದ ಪೆಟ್ಟಿಗೆಯೇ ಹಳೆಯ ತಾರೀಖಿನದಾಗಿರುತ್ತದೆ.

ತಂಪು ಮತ್ತು ಬಿಸಿ

ಸಿದ್ಧ ತಿನಿಸು, ತಂಪು ಪಾನೀಯದಲ್ಲಿ ಮಾರ್ಜಿನ್ ಹೆಚ್ಚು, ಕೆಡುವ ಭಯವೂ ಹೆಚ್ಚು. ತಂಪು ಕಪಾಟು 5 ಡಿಗ್ರಿ ಸೆಲ್ಸಿಯಸ್‌ ಒಳಗೆ, ಫ್ರೀಜರ್ ಮೈನಸ್ 18ರಲ್ಲಿ, ಬಿಸಿಯಾಗಿ ಇಡುವ ತಿನಿಸು 60ರ ಮೇಲೆ ಇರಬೇಕು. ಕಪಾಟಿನ ಮೇಲಿನ ಅಂಕಿಯನ್ನಷ್ಟೇ ನಂಬಬೇಡಿ, ಅದು ಸೆನ್ಸರ್ ಬಳಿಯ ಗಾಳಿಯದ್ದು. ಒಂದು ಲೋಟ ನೀರಿನಲ್ಲಿ ಥರ್ಮಾಮೀಟರ್ ಇಟ್ಟು, ಬಾಗಿಲ ಹತ್ತಿರದ ಹಲಗೆಯಲ್ಲಿ ರಾತ್ರಿಯಿಡೀ ಬಿಟ್ಟು ಬೆಳಿಗ್ಗೆ ನೋಡಿ.

ತಂಪು ಸಾಲದಿದ್ದರೆ ಮೆಕ್ಯಾನಿಕ್‌ಗೆ ಫೋನ್ ಮಾಡುವ ಮೊದಲು ನೋಡಬೇಕಾದವು ಮೂರು. ಒಳಗೆ ಗಾಳಿ ಬರುವ ಕಿಂಡಿಗೆ ಡಬ್ಬಿ ಒತ್ತಿ ಇಟ್ಟಿದ್ದೀರಾ? ಬಿಸಿ ಹೊರಹಾಕುವ ಕಂಡೆನ್ಸರ್ ಕಾಯಿಲ್ ಮೇಲೆ ದೂಳು ಕೂತಿದೆಯೇ? ಪ್ಲಗ್ ತೆಗೆದು ಮೆತ್ತನೆಯ ಬ್ರಷ್ಷಿನಿಂದ ತಿಂಗಳಿಗೊಮ್ಮೆ ತೆಗೆಯಿರಿ. ಬಾಗಿಲಿನ ರಬ್ಬರ್ ಸಡಿಲವಾಗಿದೆಯೇ? ಒಂದು ಕಾಗದವನ್ನು ಬಾಗಿಲಿಗೆ ಸಿಕ್ಕಿಸಿ ಎಳೆದಾಗ ಸಲೀಸಾಗಿ ಬಂದರೆ ತಂಪೂ ಅಲ್ಲಿಂದಲೇ ಹೋಗುತ್ತಿದೆ. ಬಾಗಿಲಿಲ್ಲದ ತೆರೆದ ಚಿಲ್ಲರ್‌ ಇದ್ದರೆ ಅಂಗಡಿ ಮುಚ್ಚಿದ ಮೇಲೆ ಪರದೆ ಎಳೆಯಿರಿ.

ತಿನಿಸು ಹೊಸದಾಗಿ ಶುರುಮಾಡುವವರು ಮೂರೋ ನಾಲ್ಕೋ ಬಗೆಯಿಂದ ತೊಡಗಲಿ. ಎಷ್ಟು ಮಾಡಿದ್ದು, ಎಷ್ಟು ಮಾರಿದ್ದು, ಎಷ್ಟು ಎಸೆದದ್ದು ಎಂದು ಗಂಟೆಗಳ ಪ್ರಕಾರ ಎರಡು ವಾರ ಬರೆದರೆ ಯಾವಾಗ ಮಾಡುವುದು ನಿಲ್ಲಿಸಬೇಕೆಂದು ತಿಳಿಯುತ್ತದೆ. ಏನನ್ನೂ ಎಸೆಯದ ದಿನವೆಂದರೆ ಬೇಗ ಖಾಲಿಯಾದ ದಿನ ಇರಬಹುದು, ಅದೂ ಒಳ್ಳೆಯ ಸುದ್ದಿಯೇನಲ್ಲ.

ಆ್ಯಪ್, ಸ್ಕ್ಯಾನರ್, ಪಾವತಿ

ಡೆಲಿವರಿ ಆ್ಯಪ್‌ಗೆ ಸೇರುವಾಗ ಅಂಗಡಿಯ ಎಲ್ಲ ಸರಕನ್ನೂ ಏರಿಸಬೇಡಿ. ಮಾರ್ಜಿನ್ 20, ಕಮಿಷನ್ 15 ಇದ್ದರೆ ಉಳಿಯುವ 5ರಲ್ಲಿ ಚೀಲದ ಖರ್ಚೂ ಸೇರಬೇಕು. ಮಾರ್ಜಿನ್ ಚೆನ್ನಾಗಿದ್ದು ಸದಾ ದಾಸ್ತಾನು ಇರುವ 100–150 ವಸ್ತು ಸಾಕು. ಹಲಗೆಯಲ್ಲಿ 2 ಉಳಿದಾಗಲೇ ಆ್ಯಪ್‌ನಲ್ಲಿ ‘ಇಲ್ಲ’ ಎಂದು ತೋರಿಸುವಂತೆ ಹೊಂದಿಸಿ. ಏಕೆಂದರೆ ಅಲ್ಲಿ ಆರ್ಡರ್ ಬರುವ ಹೊತ್ತಿಗೆ ಇಲ್ಲಿ ಯಾರದೋ ಕೈಯಲ್ಲಿ ಆ ಪ್ಯಾಕೆಟ್ ಇರುತ್ತದೆ.

1974ರಲ್ಲಿ ಬಿಲ್ ಕೌಂಟರಿಗೆ ಬಂದ ಗೆರೆಗಳ ಬಾರ್‌ಕೋಡ್ ಜೊತೆಗೆ ಈಗ ಚೌಕದ ಕೋಡ್ ಬರುತ್ತಿದೆ. ಅದರಲ್ಲಿ ಬ್ಯಾಚ್, ಅವಧಿ ಮುಗಿಯುವ ದಿನವನ್ನೂ ಸೇರಿಸಬಹುದು. 2027ರ ಕೊನೆಗೆ ಬಿಲ್ ಕೌಂಟರುಗಳು ಇದನ್ನು ಓದುವಂತಾಗಬೇಕೆಂಬುದು ಉದ್ಯಮದ ಗುರಿ. ಈಗ ಸ್ಕ್ಯಾನರ್ ಕೊಳ್ಳುವುದಾದರೆ ಕ್ಯಾಮೆರಾದಂತೆ ಚಿತ್ರ ಹಿಡಿದು ಎರಡೂ ಬಗೆ ಓದುವ ಇಮೇಜರ್ ಕೊಳ್ಳಿ, ಬರೀ ಲೇಸರಿನದು ಬೇಡ.

ಗಿರಾಕಿ ತೋರಿಸುವ ಸ್ಕ್ರೀನ್‌ಶಾಟ್ ಪಾವತಿಗೆ ಸಾಕ್ಷಿಯಲ್ಲ, ನಿಮ್ಮ ಯಂತ್ರವೋ ಖಾತೆಯೋ ಹೇಳಬೇಕು. ಗೋಡೆಗೆ ಅಂಟಿಸಿದ ಕ್ಯೂಆರ್ ಮೇಲೆ ಬೇರೆಯವರದು ಅಂಟಿಸಿರಬಹುದು. ಬೆಳಿಗ್ಗೆ ಬಾಗಿಲು ತೆಗೆದಾಗ ಒಮ್ಮೆ ಸ್ಕ್ಯಾನ್ ಮಾಡಿ ನಿಮ್ಮ ಹೆಸರೇ ಬರುತ್ತದೆಯೇ ನೋಡಿ.

ರಾತ್ರಿಯಿಡೀ ತೆರೆಯಬೇಕೇ?

ಗಂಟೆಗೊಂದರಂತೆ ಲೆಕ್ಕ ಹಾಕಿ. ರಾತ್ರಿ 1ರಿಂದ 2ರವರೆಗೆ 1000ದ ವ್ಯಾಪಾರವಾಗಿ ಮಾರ್ಜಿನ್ ಶೇ 22 ಇದ್ದರೆ ಕೈಗೆ 220. ಇದರ ಎದುರಿಗೆ ಇಡಬೇಕಾದದ್ದು ಮುಚ್ಚಿದರೆ ತಪ್ಪುವ ಖರ್ಚು ಮಾತ್ರ: ಆ ಗಂಟೆಯ ಸಂಬಳ, ದೀಪ, ಕಾವಲು. ಬಾಡಿಗೆಯನ್ನೂ ಫ್ರಿಜ್ಜಿನ ಕರೆಂಟನ್ನೂ ಸೇರಿಸಬೇಡಿ, ಅವು ಮುಚ್ಚಿದರೂ ಓಡುತ್ತವೆ. ಆ ಹೊತ್ತಿನಲ್ಲಿ ಮಾಲು ಇಳಿಸಿಕೊಂಡು ಹಲಗೆ ತುಂಬುವ ಕೆಲಸ ಆಗುತ್ತಿದ್ದರೆ, ಅದನ್ನು ಹಗಲಿಗೆ ತಳ್ಳಿದಾಗ ಬರುವ ಖರ್ಚನ್ನೂ ನೋಡಿ. ಸಮಯ ಕಡಿತಗೊಳಿಸುವುದಾದರೆ ನಾಲ್ಕು ವಾರ ಪರೀಕ್ಷೆ ಮಾಡಿ. ಮೊದಲ ವಾರದ ಅಂಕಿ ನಂಬುವಂತಿಲ್ಲ. ಬದಲಾದ ಸಮಯ ತಿಳಿಯದೆ ಬಂದು ಮರಳಿದವರು ಇನ್ನೂ ಬೇರೆ ಹೊತ್ತಿಗೆ ಹೊಂದಿಕೊಂಡಿರುವುದಿಲ್ಲ.