ರೀಫ್ ಟ್ಯಾಂಕ್‌ಗೆ ಯಾವ ಟೆಸ್ಟ್ ಕಿಟ್? ಮೊದಲು ಕೆಎಚ್ ಕೊಳ್ಳಿ

ಕುವೆಂಪುನಗರದ ಗೆಳೆಯರೊಬ್ಬರ ರೀಫ್ ಟ್ಯಾಂಕಿನಲ್ಲಿ, ಅಂದರೆ ಹವಳ ಸಾಕುವ ಉಪ್ಪುನೀರಿನ ಅಕ್ವೇರಿಯಂನಲ್ಲಿ, ಹವಳಗಳು ಒಂದೊಂದಾಗಿ ಸೊರಗುತ್ತಿದ್ದವು. "ನೀರು ಟೆಸ್ಟ್ ಮಾಡ್ತೀರಾ?" ಎಂದು ಕೇಳಿದೆ. ದೊಡ್ಡ ಪೆಟ್ಟಿಗೆಯನ್ನೇ ತಂದಿಟ್ಟರು. ಪಿಎಚ್, ಅಮೋನಿಯಾ, ನೈಟ್ರೈಟ್, ನೈಟ್ರೇಟ್ ಎಲ್ಲವೂ ಸರಿಯಾಗಿದ್ದವು. ಆದರೆ ಗಟ್ಟಿ ಹವಳ ತನ್ನ ಅಸ್ಥಿ ಕಟ್ಟಿಕೊಳ್ಳಲು ದಿನವೂ ಬಳಸುವ ಕೆಎಚ್, ಅಂದರೆ ಕ್ಷಾರತೆ, ಅಳೆಯುವ ಬಾಟಲಿಯೇ ಅದರಲ್ಲಿರಲಿಲ್ಲ. ನನ್ನ ಕಿಟ್ ತಂದು ನೋಡಿದರೆ 5ಕ್ಕೆ ಇಳಿದಿತ್ತು. ಇದೇ ತಪ್ಪನ್ನು ಇನ್ನೂ ಮೂರ್ನಾಲ್ಕು ಮನೆಗಳಲ್ಲಿ ನೋಡಿದ್ದೇನೆ.

1. ಉಪ್ಪಿನಂಶ. ಇದನ್ನು ಅಳೆಯಲು ಕಿಟ್ ಬೇಡ, ಒಂದು ರಿಫ್ರಾಕ್ಟೋಮೀಟರ್ ಸಾಕು. 35 ಪಿಪಿಟಿ (ಸಾವಿರಕ್ಕೆ 35 ಭಾಗ ಉಪ್ಪು) ದ್ರಾವಣವನ್ನೂ ಜೊತೆಗೇ ಕೊಂಡು, ಮೀಟರನ್ನು ಅದರಲ್ಲೇ ಹೊಂದಿಸಿಕೊಳ್ಳಿ.

ಉಪ್ಪು ಬೆರೆಸುವ ನೀರಿಗೆ, ಅದರಲ್ಲಿ ಮೊದಲೇ ಕರಗಿರುವ ಲವಣಗಳನ್ನು ಅಳೆಯುವ ಟಿಡಿಎಸ್ ಮೀಟರ್ ಬೇಕು. ಬೋರ್‌ವೆಲ್ ನೀರು ಬಳಸುವ ಮಂಡ್ಯದ ಗೆಳೆಯರಿಗಂತೂ ಬೇಕೇ ಬೇಕು. ಅಡುಗೆಮನೆಯ ಆರ್‌ಒ ನಂಬಬೇಡಿ. ಹಲವು ಯಂತ್ರಗಳು ರುಚಿಗಾಗಿ ಸ್ವಲ್ಪ ಮೂಲ ನೀರನ್ನು ಮತ್ತೆ ಬೆರೆಸುತ್ತವೆ. ನಮಗೆ ಮೀಟರ್ ಸೊನ್ನೆಯ ಹತ್ತಿರ ತೋರಿಸಬೇಕು.

2. ಈಗ ಕೆಎಚ್. ಎಲ್ಲರೂ ಎಡವುವುದು ಇಲ್ಲೇ. ಟ್ಯಾಂಕಿನ ನೀರಿಗೆ ಕಿಟ್‌ನ ದ್ರಾವಣವನ್ನು ಹನಿಹನಿಯಾಗಿ ಬಿಟ್ಟು, ಬಣ್ಣ ತಿರುಗುವವರೆಗೆ ಎಣಿಸುವುದೇ ಈ ಟೆಸ್ಟ್. ಪೆಟ್ಟಿಗೆಯ ಬೆಲೆ ನೋಡುವ ಮೊದಲು, ಒಂದು ಹನಿಗೆ ಎಷ್ಟು ಅಂಕ ಎಂದು ಕೇಳಿ. ಅಗ್ಗದ ಕಿಟ್‌ಗಳಲ್ಲಿ ಒಂದು ಹನಿ ಅಂದರೆ 1 ಡಿಕೆಎಚ್ (ಕೆಎಚ್ ಅಳೆಯುವ ಮಾನ). ಎಂಟನೇ ಹನಿಗೆ ಬಣ್ಣ ತಿರುಗಿತು ಅಂದರೆ ನಿಜವಾದ ಅಂಕ 7.1 ಇರಬಹುದು, 8 ಕೂಡ ಇರಬಹುದು. ಕೆಎಚ್ 8ರಿಂದ 9ರೊಳಗೆ ಅಲುಗಾಡದೆ ನಿಲ್ಲಬೇಕಾದ ಟ್ಯಾಂಕಿಗೆ ಈ ಅಂತರ ತುಂಬಾ ಜಾಸ್ತಿ. ಅಂಥ ಕಿಟ್ ಈಗಾಗಲೇ ಮನೆಯಲ್ಲಿದ್ದರೆ ಎಸೆಯಬೇಡಿ. 5 ಮಿ.ಲೀ. ಬದಲು 10 ಮಿ.ಲೀ. ನೀರು ತೆಗೆದುಕೊಳ್ಳಿ. ಆಗ ಹನಿಗೆ ಅರ್ಧ ಅಂಕ ಆಗುತ್ತದೆ.

ಹೊಸದಾಗಿ ಕೊಳ್ಳುವುದಾದರೆ ಸಿರಿಂಜ್ ಇರುವ ಕಿಟ್ಟೇ ತೆಗೆದುಕೊಳ್ಳಿ. ನಾನು ಬಳಸುವುದು ಸಾಲಿಫರ್ಟ್ ಕಂಪನಿಯದು. ಇದರಲ್ಲಿ ಒಂದು ವಿಷಯ ಗೊತ್ತಿರಲಿ. ಸಿರಿಂಜ್ ತುಂಬಿದಾಗ ಪ್ಲಂಜರ್ ಕೆಳಗೆ ಸ್ವಲ್ಪ ಗಾಳಿ ಉಳಿಯುತ್ತದೆ. ಅದನ್ನು ಹೊರಹಾಕಲು ಒದ್ದಾಡಬೇಡಿ. ದ್ರವದ ಮಟ್ಟ ನೋಡಬಾರದು. ಕಪ್ಪು ರಬ್ಬರಿನ ಕೆಳಗಿನ ಅಂಚು ಎಲ್ಲಿದೆ ಎಂದಷ್ಟೇ ನೋಡಬೇಕು. ಕೊನೆಗೆ ಒಂದೊಂದೇ ಹನಿ ಬಿಡಿ, ಪ್ರತಿ ಹನಿಗೂ ಅಲುಗಾಡಿಸಿ. ಬಣ್ಣ ತಿರುಗಿ ಹಾಗೇ ನಿಂತ ಜಾಗದಲ್ಲಿ ಅಂಕ ಓದಿ. ಟ್ಯಾಂಕಿನ ನೀಲಿ ಬೆಳಕಿನಲ್ಲಿ ನೋಡಲೇಬೇಡಿ. ಹಗಲಿನಲ್ಲಿ, ಕಿಟಕಿ ಪಕ್ಕ, ಹಿಂದೆ ಬಿಳಿ ಕಾಗದ ಹಿಡಿದು ನೋಡಿ.

3. ಕ್ಯಾಲ್ಸಿಯಂ 400ರಿಂದ 450 ಪಿಪಿಎಂ (ಹತ್ತು ಲಕ್ಷಕ್ಕೆ ಇಷ್ಟು ಭಾಗ), ಮೆಗ್ನೀಸಿಯಂ 1,300ರ ಆಸುಪಾಸು ಇರಬೇಕು. ಬರೀ ಮೆತ್ತನೆ ಹವಳ ಇಟ್ಟಿದ್ದರೆ ಈ ಎರಡು ಕಿಟ್ ಸದ್ಯಕ್ಕೆ ಬೇಡ.

4. ನೈಟ್ರೇಟ್‌ಗೆ ಮಧ್ಯಮ ದರದ ಕಿಟ್ ನಡೆಯುತ್ತದೆ. ಬಾಟಲಿಯನ್ನು ಚೆನ್ನಾಗಿ ಕುಲುಕಿ ಎಂದು ಬರೆದಿದ್ದರೆ ಗಡಿಯಾರ ನೋಡಿಕೊಂಡೇ ಕುಲುಕಿ. ಸುಮ್ನೆ ಎರಡು ಸಲ ಅಲ್ಲಾಡಿಸಿದರೆ ಅಂಕ ಕಡಿಮೆ ಬರುತ್ತದೆ. ಫಾಸ್ಫೇಟ್ ಹಾಗಲ್ಲ. ನಮಗೆ ಬೇಕಾದದ್ದು 0.03ರಿಂದ 0.1 ಪಿಪಿಎಂ. ಸೊನ್ನೆಯ ನಂತರದ ಬಣ್ಣವೇ 0.25 ಆಗಿರುವ ಚಾರ್ಟ್ ಏನು ಹೇಳೀತು? ಇದಕ್ಕೆ, ಬಣ್ಣವನ್ನು ತಾನೇ ಓದಿ ಅಂಕ ತೋರಿಸುವ ಡಿಜಿಟಲ್ ಚೆಕರ್‌ಗೇ ಹಣ ಹಾಕಿ. ಅದರ ಗಾಜಿನ ಸೀಸೆಯ ಮೇಲೆ ಬೆರಳಚ್ಚು ಇರದಂತೆ ಒರೆಸಿ. ಕೆಲವು ಚೆಕರ್‌ಗಳು ಫಾಸ್ಫರಸ್ ಅಂಕ ತೋರಿಸುತ್ತವೆ, ಫಾಸ್ಫೇಟ್ ಅಂಕ ಬೇಕಾದರೆ ಅದನ್ನು 3.066ರಿಂದ ಗುಣಿಸಬೇಕು.

ಅದ್ದಿ ನೋಡುವ ಪಟ್ಟಿಗಳನ್ನು ರೀಫ್ ಟ್ಯಾಂಕಿಗೆ ಕೊಳ್ಳಲೇಬೇಡಿ. ಅಮೋನಿಯಾ ಕಿಟ್ ಹೊಸ ಟ್ಯಾಂಕ್ ಹದಕ್ಕೆ ಬರುವವರೆಗೆ ಬೇಕು, ಚಿಕ್ಕದು ಸಾಕು.

5. ಕೊಳ್ಳುವಾಗ ಎಕ್ಸ್‌ಪೈರಿ ದಿನಾಂಕದ ಫೋಟೊ ಕೇಳಿ. ನನಗೊಮ್ಮೆ ಬಂದ ಪೆಟ್ಟಿಗೆಯಲ್ಲಿ ಬರೀ ಎರಡು ತಿಂಗಳು ಉಳಿದಿತ್ತು. ಏಪ್ರಿಲ್ ಬಿಸಿಲಲ್ಲಿ ಕೊರಿಯರ್ ತರಿಸುವುದಕ್ಕಿಂತ ಫೆಬ್ರುವರಿಯಲ್ಲೇ ತರಿಸಿಡಿ. ಹೊಸ ಕಿಟ್ ತೆರೆದ ದಿನ ಹಳೆಯದರಲ್ಲೂ ಅದೇ ನೀರು ಅಳೆದು, ಎರಡೂ ಅಂಕಗಳನ್ನು ಮುಚ್ಚಳದ ಒಳಗೆ ಬರೆದಿಡಿ.