ಗುಣಿತ ಮುಗಿಯುವ ಮೊದಲೇ ಒತ್ತಕ್ಷರ: ಎರಡನೇ ತರಗತಿಯ ನನ್ನ ಅನುಭವ

‘ಕಾಗುಣಿತವೇ ನೆಟ್ಟಗೆ ಬರದ ಮಕ್ಕಳಿಗೆ ಒತ್ತಕ್ಷರವಾ?’ ಡಿ.ಎಲ್.ಇಡಿ (ಪ್ರಾಥಮಿಕ ಶಾಲಾ ಶಿಕ್ಷಕರ ತರಬೇತಿ) ಇಂಟರ್ನ್‌ಶಿಪ್‌ನಲ್ಲಿ ಪಾಠ ನೋಡಲು ಬಂದವರೆಲ್ಲ ಕೇಳಿದ್ದು ಇದನ್ನೇ. ಈಗ ಕೇಳುತ್ತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಮಂಡ್ಯ ಕಡೆಯ ಮಗುವಿನ ಬಾಯಲ್ಲಿ ಓಡಾಡುವ ಪದ ನೋಡಿ: ಅಮ್ಮ, ಅಪ್ಪ, ಅಕ್ಕಿ, ಗದ್ದೆ, ಕಬ್ಬು, ಬೆಲ್ಲ, ಮುದ್ದೆ, ಹುಲ್ಲು, ಎಮ್ಮೆ. ಒತ್ತಿಲ್ಲದ್ದು ಒಂದೂ ಇಲ್ಲ. ಒತ್ತನ್ನು ಕೊನೆಗಿಟ್ಟರೆ ಮಗು ತಿಂಗಳುಗಟ್ಟಲೆ ‘ಸರ, ಜನ, ಅರಸ’ ಓದುತ್ತಾ ಕೂರಬೇಕು. ಅರಸನನ್ನು ಯಾವ ಮಗು ನೋಡಿದೆ?

1995ರಲ್ಲಿ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆಯಲ್ಲಿ ಶುರುವಾದ ನಲಿ-ಕಲಿ, ಅಂದರೆ ಸರ್ಕಾರಿ ಶಾಲೆಯ ಚಿಕ್ಕ ತರಗತಿಗಳ ಚಟುವಟಿಕೆ ಆಧಾರಿತ ಕಲಿಕೆ, ವರ್ಣಮಾಲೆಯ ಸಾಲನ್ನೇ ಬಿಟ್ಟು ‘ರ ಗ ಸ ದ ಅ, ಜ ವ ಮ ಬ ನ’ ಎಂದು ಹೊರಟಿತು. ಈ 10 ಅಕ್ಷರ ಬಂದ ಕೂಡಲೇ ನಾನು ಒತ್ತಿಗೆ ಕೈ ಹಾಕಿದೆ. ಗುಣಿತ ಒಂದೂ ಇಲ್ಲದೆ ಇವುಗಳಲ್ಲೇ ಅಜ್ಜ, ಅಮ್ಮ, ಅನ್ನ, ಗದ್ದ, ಮಗ್ಗ ಸಿಗುತ್ತವೆ. ಮಗ್ಗವನ್ನು ಆಮೇಲೆ ಕೈಬಿಟ್ಟೆ. ನೇಕಾರರ ಊರು ಬಿಟ್ಟರೆ ಉಳಿದ ಕಡೆ ಮಕ್ಕಳಿಗೆ ಅದು ಬಚ್ಚಲಿನ ಮಗ್ಗು.

ಅಮ್ಮನಿಂದ ಶುರು ಮಾಡುವ ಆಸೆ ಎಲ್ಲರಿಗೂ ಬರುತ್ತದೆ. ಬೇಡ. ಮ, ನ, ತ, ಲ, ಯ ಇವುಗಳ ಒತ್ತಿಗೆ ಮೂಲ ಅಕ್ಷರದ ರೂಪವಿಲ್ಲ. ಮೊದಲಿಗೇ ಅದನ್ನು ಕಂಡ ಮಗು ಪ್ರತಿ ಒತ್ತೂ ಒಂದು ಹೊಸ ಅಕ್ಷರ ಎಂದುಕೊಂಡು ಸುಸ್ತಾಗುತ್ತದೆ. ಗ, ದ, ಜ, ಬ, ಕ, ಪ, ಳ ಮೊದಲು ಬರಲಿ. ತಲೆಕಟ್ಟು ತೆಗೆದು ಚಿಕ್ಕದಾಗಿ ಕೆಳಗಿಟ್ಟರೆ ಒತ್ತು ಆಯಿತು, ಅಷ್ಟೇ. ಜ, ಬಗಳಿಗೆ ತೆಗೆಯಲು ತಲೆಕಟ್ಟೂ ಇಲ್ಲ. ಒಂದು ವಾರ ಕಳೆದು ಅಮ್ಮ, ಅನ್ನ ತಂದರೆ ‘ಇದು ಬೇರೆ ಥರ ಇದೆ’ ಎಂದು ಮಕ್ಕಳೇ ಹೇಳುತ್ತಾರೆ.

ಗುಣಿತ ಇದರ ಬೆನ್ನಿಗೇ ಬರುತ್ತದೆ. ಅಕ್ಕ–ಅಕ್ಕಿ, ಹಳ್ಳ–ಹಳ್ಳಿ, ಗದ್ದ–ಗದ್ದೆ. ಒಂದೇ ಗುರುತು ಬದಲಾಗಿ ಅರ್ಥವೇ ಬದಲಾಗುವ ಜೋಡಿಗಳು. ಆದರೆ ಪೆಟ್ಟು ಬೀಳುವುದೂ ಇಲ್ಲೇ. ‘ಗದ್ದೆ’ಯಲ್ಲಿ ಎತ್ವ (‘ಎ’ ಸ್ವರದ ಗುರುತು) ಕೂರುವುದು ಮೇಲಿನ ದ ಮೇಲೆ, ಬಾಯಲ್ಲಿ ಬರುವುದು ಕೆಳಗಿನ ದ ಆದ ಮೇಲೆ. ಮಗು ‘ಗ-ದೆ-ದ’ ಎಂದು ಓದುತ್ತದೆ. ನಾನು ಬೋರ್ಡಿನ ಮೇಲೆ ಮೊದಲು ‘ಗದ್ದ’ ಬರೆಸಿ, ಓದಿಸಿ, ತಲೆಕಟ್ಟನ್ನು ಬೆರಳಲ್ಲಿ ಒರೆಸಿ ಅಲ್ಲಿಗೆ ಕೆಂಪು ಸೀಮೆಸುಣ್ಣದಲ್ಲಿ ಎತ್ವ ಹಾಕಿಸಿದೆ. ಒರೆಸುವ ಕೆಲಸ ಮಗುವೇ ಮಾಡಬೇಕು. ಜ-ಗೆ ಒರೆಸಲು ತಲೆಕಟ್ಟು ಇಲ್ಲ, ಆದ್ದರಿಂದ ‘ಅಜ್ಜಿ’ ಬರುವುದು ‘ಅಕ್ಕಿ’ಯ ನಂತರ. ಕಬ್ಬು ಎಷ್ಟೇ ಪರಿಚಿತವಾದರೂ ಎಲ್ಲಕ್ಕಿಂತ ಕೊನೆಗೆ, ಏಕೆಂದರೆ ಕೊಂಬು, ಒತ್ತು ಎರಡೂ ಬಲಗಡೆಯ ಜಾಗಕ್ಕೇ ಕಿತ್ತಾಡುತ್ತವೆ.

ಕಾಪಿ ಪುಸ್ತಕದಲ್ಲಿ ಒಂದು ಸಾಲು ಬಿಟ್ಟು ಬರೆಸಿ. ಇಲ್ಲದಿದ್ದರೆ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ಬಡಿಯುತ್ತದೆ. ಜಾಗ ಸಾಲದ ಮಗು ಅದನ್ನು ಪಕ್ಕಕ್ಕೆ ತಳ್ಳಿ ‘ಅಜಜ’ ಬರೆಯುತ್ತದೆ. ಅರ್ಧಕ್ಕರ್ಧ ತಪ್ಪು ಇಷ್ಟರಿಂದಲೇ ಹೋಯಿತು.

ಇನ್ನು ಖರ್ಚು. ಲ್ಯಾಮಿನೇಷನ್ ಮಾಡಿಸಿದ ಮಿಂಚುಪಟ್ಟಿಗೆ (ಫ್ಲ್ಯಾಶ್ ಕಾರ್ಡಿಗೆ) ಸುಮಾರು 400 ರೂಪಾಯಿ ಹೋಯಿತು. ಕಿಟಕಿ ಬೆಳಕು ಹೊಳೆದು ಹಿಂದಿನ ಸಾಲಿಗೆ ಒಂದಕ್ಷರ ಕಾಣಲಿಲ್ಲ, ದಂಡ. ಆಮೇಲಿನದ್ದೆಲ್ಲ ಹಳೆಯ ಲಗ್ನಪತ್ರಿಕೆಯ ಹಿಂಬದಿ. ಅಂಗೈ ಅಗಲದ ಕಾರ್ಡಿನಲ್ಲಿ ಅಕ್ಷರ ಮೇಲರ್ಧಕ್ಕೆ ಬರೆದು ಕೆಳಗೆ ಖಾಲಿ ಬಿಡಿ; ಒತ್ತಿನ ಚೀಟಿಯನ್ನು ಬಟ್ಟೆ ಕ್ಲಿಪ್ಪಿನಲ್ಲಿ ಅಲ್ಲಿಗೆ ಸಿಕ್ಕಿಸಬಹುದು. ಕ್ಲಿಪ್ಪು ಡಜನ್ನಿಗೆ 40 ರೂಪಾಯಿ ಇರಬಹುದು, ಎರಡು ಡಜನ್ ಸಾಕು. ಟಿಎಲ್‌ಎಂ (ಕಲಿಕಾ ಸಾಮಗ್ರಿ) ಪ್ರದರ್ಶನದಲ್ಲಿ ಇದಕ್ಕೆ ಅಂಕ ಬರುವುದಿಲ್ಲ. ತರಗತಿಯಲ್ಲಿ ಕೆಲಸ ಮಾಡುತ್ತದೆ.

ನಡುವೆ ಹುಣಸೆ ಬೀಜ ಜೋಡಿಸಿ ಒತ್ತು ಮಾಡಿಸಿ ನೋಡಿದೆ. ಗಲಾಟೆ ಜಾಸ್ತಿ, ಬೀಜ ಅಷ್ಟು ಚಿಕ್ಕ ತಿರುವಿಗೆ ಬಗ್ಗುವುದೂ ಇಲ್ಲ. ಒತ್ತು ಬಂದಲ್ಲಿ ತೊಡೆ ತಟ್ಟಿಸುವುದು ಮಾತ್ರ ಫಲ ಕೊಟ್ಟಿತು: ಗದ್ (ತಟ್ಟು) ದೆ. ನಮ್ಮ ಕಡೆಯ ಹ-ಕಾರದ ತಕರಾರು ಬೇರೆ. ‘ಹಬ್ಬ’ವನ್ನು ಮಗು ‘ಅಬ್ಬ’ ಎಂದು ಬರೆಯುತ್ತದೆ. ತಿದ್ದಿದಿರೋ, ಮರುದಿನ ‘ಹಕ್ಕ’, ‘ಹಪ್ಪ’ ಶುರು. ಆಡುವ ಮಾತನ್ನು ತಿದ್ದಲು ಹೋಗಬೇಡಿ. ಹಬ್ಬ, ಹಳ್ಳ, ಹಗ್ಗ ಒಂದು ಗೋಡೆಗೆ, ಅಕ್ಕ, ಅಪ್ಪ, ಅಜ್ಜ ಎದುರು ಗೋಡೆಗೆ ಅಂಟಿಸಿ, ಬರೆಯುವಾಗ ನೋಡಿಕೊಳ್ಳಲು ಬಿಡಿ.

ಪರೀಕ್ಷೆಗೆ ಅರ್ಥವಿಲ್ಲದ ಪದ ಕೊಡಿ: ನದ್ದ, ಬಮ್ಮ, ಸಗ್ಗೆ. ಚಿತ್ರ ನೋಡಿ, ಮೊದಲ ಅಕ್ಷರ ನೋಡಿ ಊಹಿಸುವವರು ಅಲ್ಲೇ ಸಿಕ್ಕಿಬೀಳುತ್ತಾರೆ. ಅಂಥವರನ್ನು ಓದಿಗೆ ಎಳೆಯಲು ನನ್ನದೊಂದು ಮಡಚುವ ಕಾರ್ಡಿದೆ. ಅದರ ವಿವರ ಸದ್ಯಕ್ಕೆ ನನ್ನ ಹತ್ತಿರವೇ ಇರಲಿ, ಈ ವರ್ಷದ ಪಾಠ ಪರೀಕ್ಷೆ ಮುಗಿಯಬೇಕು. ಇಪ್ಪತ್ತು ಚಿಲ್ಲರೆ ಮಕ್ಕಳಲ್ಲಿ ನಾಲ್ಕೈದು ಮಂದಿ ಬಿಟ್ಟು ಉಳಿದವರು ದಸರಾ ರಜೆಗೆ ಮುಂಚೆ ‘ಅಜ್ಜಿ ಗದ್ದೆಗೆ ಬುತ್ತಿ ತಂದಳು’ ಥರದ ವಾಕ್ಯ ತಡವರಿಸದೆ ಓದಿದರು. ಪಕ್ಕದ ತರಗತಿ ಆಗಿನ್ನೂ ‘ಕೌ ಕಂ ಕಃ’ದಲ್ಲಿತ್ತು.

ಇದೆಲ್ಲ ಸಜಾತೀಯ ಒತ್ತಿಗೆ, ಅಂದರೆ ಅಕ್ಷರಕ್ಕೆ ಅದರದೇ ಒತ್ತು ಬರುವಲ್ಲಿಗೆ ಮಾತ್ರ. ಬೇರೆ ಅಕ್ಷರದ ಒತ್ತು ಬರುವ ‘ಪುಸ್ತಕ’, ‘ಅಕ್ಷರ’ದಂಥ ವಿಜಾತೀಯಕ್ಕೆ ಎರಡನೇ ಸೆಮಿಸ್ಟರ್ ತನಕ ಕಾಯಿರಿ. ಅರ್ಕಾವೊತ್ತನ್ನು (ಅಕ್ಷರದ ಬಲಕ್ಕೆ ಬರೆಯುವ ‘ರ್’ ಗುರುತನ್ನು) ಮೂರನೇ ತರಗತಿಗೆ ಬಿಡಿ: ‘ಸೂರ್ಯ’ ಬರೆಯುವಾಗ ಯ ಮೊದಲು, ಓದುವಾಗ ರ ಮೊದಲು, ಆಗಷ್ಟೇ ಗದ್ದೆ ದಾಟಿದ ಮಗುವಿಗೆ ಅದು ಎಲ್ಲವನ್ನೂ ಕಲಸಿಬಿಡುತ್ತದೆ.