ಬುದ್ಧಿಮಾತಿಗೆ ಮೊದಲು: ಹರೆಯದವರ ನಡವಳಿಕೆ ತಿದ್ದುವ ಬಗೆ

ಹುಡುಗನೊಬ್ಬ ಜೊತೆಯವರನ್ನು ಹೀಯಾಳಿಸಿದ ಕೂಡಲೇ ಅವನ ಗುಣಕ್ಕೆ ಹಣೆಪಟ್ಟಿ ಕಟ್ಟಬೇಡಿ. ಮೊದಲು ಒಂದು ವಾರ ಬರೆದಿಡಿ: ಎಲ್ಲಿ ನಡೆಯಿತು, ಯಾರಿದ್ದರು, ತುಸು ಮುಂಚೆ ಏನಾಗಿತ್ತು, ಆಮೇಲೆ ಅವನಿಗೆ ದಕ್ಕಿದ್ದೇನು? ಗೆಳೆಯರ ನಗುವೇ, ಬೇಡದ ಕೆಲಸದಿಂದ ಬಿಡುಗಡೆಯೇ? ಅದೇ ಜಾಗ, ಅದೇ ಇಬ್ಬರು ಮೂವರು ಮತ್ತೆ ಮತ್ತೆ ಕಂಡರೆ ತಿದ್ದುವ ಕೆಲಸ ಅಲ್ಲಿಂದ ಶುರುವಾಗಲಿ.

ಈ ವಯಸ್ಸಿನಲ್ಲಿ ಸಹವಾಸದ ಬಲ ದೊಡ್ಡದು. ಮನಶ್ಶಾಸ್ತ್ರದ ಸಂಶೋಧಕರಾದ ಗಾರ್ಡ್ನರ್ ಮತ್ತು ಸ್ಟೈನ್‌ಬರ್ಗ್ 2005ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 13ರಿಂದ 16ರ ವಯಸ್ಸಿನವರು ಕಾರು ಓಡಿಸುವ ಕಂಪ್ಯೂಟರ್ ಆಟವನ್ನು ಒಬ್ಬರೇ ಆಡಿದಾಗ ದೊಡ್ಡವರಷ್ಟೇ ಎಚ್ಚರ ವಹಿಸಿದರು. ಗೆಳೆಯರು ಪಕ್ಕದಲ್ಲಿದ್ದಾಗ ಅಪಾಯಕ್ಕೆ ಕೈಹಾಕುವುದು ಬಹಳ ಹೆಚ್ಚಿತು. ಆದ್ದರಿಂದ ಗೆಳೆಯರೆದುರು ಗದರಬೇಡಿ. ಅಲ್ಲಿ ಅವನು ನಿಮ್ಮ ಮಾತು ಕೇಳುವುದಿಲ್ಲ, ಮರ್ಯಾದೆ ಉಳಿಸಿಕೊಳ್ಳಲು ಎದುರುತ್ತರ ಕೊಡುತ್ತಾನೆ.

ಒಬ್ಬನೇ ಸಿಕ್ಕಾಗ ಮೂರೇ ಮಾತು: ಏನು ನಡೆಯಿತು, ಅದರಿಂದ ಯಾರಿಗೆ ಹೇಗೆ ನೋವಾಯಿತು, ಸರಿಪಡಿಸಲು ನೀನೇನು ಮಾಡುತ್ತೀ? ನಡುವಿನ ಮಾತೇ ಮುಖ್ಯ. ಮನಶ್ಶಾಸ್ತ್ರಜ್ಞ ಮಾರ್ಟಿನ್ ಹಾಫ್‌ಮನ್ ಒತ್ತಿ ಹೇಳಿದ್ದೂ ಇದನ್ನೇ: ಬರೀ ಶಿಕ್ಷೆ ಕೊಟ್ಟರೆ ಗಮನವೆಲ್ಲ ತನಗಾದ ನೋವಿನ ಮೇಲೆಯೇ ಉಳಿಯುತ್ತದೆ, ಇನ್ನೊಬ್ಬರ ನೋವು ಕಾಣುವುದಿಲ್ಲ. ಮೂರನೆಯ ಪ್ರಶ್ನೆಗೆ ಉತ್ತರ ಅವನಿಂದಲೇ ಬರಲಿ. ಬಲವಂತದ ಕ್ಷಮೆ ಬಾಯಿಪಾಠವಾಗುತ್ತದೆ. ಹೀಗೆ ಹೇಳುವಾಗ ನಿಮ್ಮ ದನಿಯೂ ಪಾಠವೇ. ಕೂಗಾಡುತ್ತ ಸೌಜನ್ಯ ಕಲಿಸಲಾಗದು.

ಸಹಾಯ ಮಾಡಿದ್ದಕ್ಕೆಲ್ಲ ಹಣ, ಬಹುಮಾನ ಕೊಡಬೇಡಿ. ಮನಸ್ಸಿನಿಂದ ಮಾಡುತ್ತಿದ್ದದ್ದು ಕೂಲಿಯಾಗಿಬಿಡಬಹುದು. ‘ನೀನು ಕಾದು ನಿಂತಿದ್ದರಿಂದ ಅವಳಿಗೆ ಧೈರ್ಯ ಬಂತು’ ಎಂದು ಆದದ್ದನ್ನು ಹೆಸರಿಸಿ ಹೇಳಿದರೆ ಸಾಕು.

ತರಗತಿಯಲ್ಲಿ ಗುಂಪುಗಾರಿಕೆ ಇದ್ದರೆ ಉಪದೇಶಕ್ಕಿಂತ ಮನಶ್ಶಾಸ್ತ್ರಜ್ಞ ಎಲಿಯಟ್ ಆರನ್ಸನ್ 1971ರಲ್ಲಿ ರೂಪಿಸಿದ ಕ್ರಮ ವಾಸಿ. ಬೇರೆ ಬೇರೆ ಹಿನ್ನೆಲೆಯ 5–6 ಮಂದಿಯ ಗುಂಪು ಮಾಡಿ, ಪಾಠವನ್ನು ಅಷ್ಟೇ ತುಂಡಾಗಿಸಿ, ಒಬ್ಬೊಬ್ಬರಿಗೆ ಒಂದೊಂದು ಕೊಡಿ. ಬೇರೆ ಬೇರೆ ಗುಂಪುಗಳಲ್ಲಿ ಅದೇ ತುಂಡು ಸಿಕ್ಕವರು ಮೊದಲು ಒಟ್ಟಿಗೆ ಕೂತು ಕಲಿತು, ಬಳಿಕ ತಮ್ಮ ಗುಂಪಿಗೆ ಕಲಿಸಲಿ. ಮೂದಲಿಸುತ್ತಿದ್ದವನ ಮಾತೂ ಈಗ ಎಲ್ಲರಿಗೂ ಬೇಕು, ಅವನಿಗೂ ಉಳಿದವರ ಮಾತು ಬೇಕು. ಒಂದು ದಿನ ಮಾಡಿ ಬಿಟ್ಟರೆ ಏನೂ ಬದಲಾಗದು; ಕೆಲವು ವಾರ ನಡೆಸಿ. ಒಬ್ಬನೇ ಮಾತಾಡತೊಡಗಿದರೆ ನಾಯಕತ್ವವನ್ನು ಸರದಿಯಲ್ಲಿ ಹಂಚಿ. ತಂಟೆ ಮಾಡುವವರನ್ನೆಲ್ಲ ಒಂದೇ ಗುಂಪಿಗೆ ಹಾಕಲೇಬೇಡಿ: ಅಲ್ಲಿ ಒಬ್ಬರ ಚಾಳಿಗೆ ಇನ್ನೊಬ್ಬರ ಚಪ್ಪಾಳೆ ಸಿಗುತ್ತದೆ.